ನೆಲ ನೋಡುವ ಚುಕ್ಕಿಗಳು

ಬೇಲೂರು
24 ನವೆಂಬರ್ 2024

ಪುಟ್ಟರಾಜು ಮಾವನಿಗೆ ಗಾನವಿಯ ಜೈ ಭೀಮ್.

ಫೋನಿನಲ್ಲಿ ನನ್ನ ಹೆಸರು ಕಂಡ ಕೂಡಲೇ ಅದನ್ನು ಮಗುಚಿ ಇಡುತ್ತೀರಂತೆ. ಮೀನಾಕ್ಷಿ ಅತ್ತೆ ಹೇಳಿದರು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಮಗುಚಿದರೆ ಹಿಂದಿನ ಪುಟದಲ್ಲೂ ನಾನೇ ಇರುತ್ತೇನೆ.

ನಿಮ್ಮಿಂದ ಒಂದು ಕೆಲಸ ಆಗಬೇಕು. ನನ್ನ ಬೇಸ್ ಗಿಟಾರಿನ ಕತ್ತು ಬಾಗಿಹೋಗಿದೆ. ಎಲ್ಲರೂ ಅದನ್ನು ನೆಕ್ ಅನ್ನುತ್ತಾರೆ, ನನಗೆ ಮಾತ್ರ ಬಾಯಿಗೆ ಬರುವುದು ಕತ್ತು. ಮೊದಲ ದಿನ ನೀವು ಹೇಳಿಕೊಟ್ಟದ್ದೇ ಹಾಗಲ್ಲವೇ? "ಇದು ಹೊಟ್ಟೆ, ಇದು ಕತ್ತು. ಒಂದು ಕೈಯಲ್ಲಿ ಕತ್ತಿನ ಮೇಲೆ ತಂತಿ ಒತ್ತು, ಇನ್ನೊಂದರಲ್ಲಿ ಹೊಟ್ಟೆಯ ಮೇಲೆ ಮೀಟು. ಇಷ್ಟೇ ವಿದ್ಯೆ, ಮಿಕ್ಕಿದ್ದೆಲ್ಲ ಬೆವರು."

ಮೇವು ಕತ್ತರಿಸುವ ಮಷಿನ್‌ಗೆ ಎರಡು ಬೆರಳು ಹೋದಾಗಿನಿಂದ ನಿಮ್ಮ ಗಿಟಾರು ಗೋಡೆಯ ಮೊಳೆಯಲ್ಲೇ ಇದೆಯಂತೆ. ಸುಮ್ಮನೆ ನೇತಾಡುವ ಬದಲು ಅದರ ಕತ್ತನ್ನಾದರೂ ನನಗೆ ಕಳಿಸಿ. ಎರಡೂ ಒಂದೇ ಕಂಪನಿಯವು, ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಬರುತ್ತದೆ. ನಿಮ್ಮದು ಬಲಗೈಯವರ ಕತ್ತು, ನನ್ನದು ಎಡಗೈಯವರ ಗಿಟಾರು, ಗೊತ್ತು. ತಂತಿ ಬಿಗಿಯುವ ಬಿರಡೆಗಳು ಕೆಳಮುಖ ಆಗುತ್ತವೆ, ಆಗಲಿ. ಏಪ್ರಿಲ್‌ನಲ್ಲಿ ಜಯಂತಿಗೆ ನಮ್ಮ ಬೆಳಕು ಕಲಾತಂಡದ ಹಾಡುಗಳಿವೆ. ನಿಮ್ಮ ಜಾಗದಲ್ಲಿ ನಾನು ನಿಲ್ಲಬೇಕೆಂದು ಶಶಿಕಿರಣ್ ಹೇಳಿದ್ದಾನೆ. ಬಾಗಿದ ಕತ್ತು ಹಿಡಿದು ನಿಮ್ಮ ಜಾಗದಲ್ಲಿ ನಿಂತರೆ ನಿಮಗೇ ಅವಮಾನ.

ಬೇಲೂರು ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಸಾಕು, ಇಳಿಸಿಕೊಳ್ಳುತ್ತೇನೆ.

ನಿಮ್ಮ ಅಕ್ಕನ ಮಗಳು,
ಗಾನವಿ


ಅರಸೀಕೆರೆ
3 ಡಿಸೆಂಬರ್ 2024

ಗಾನವಿಗೆ ಜೈ ಭೀಮ್.

ಕತ್ತು ಕಳಿಸಿದ್ದೇನೆ. ಹಳೆಯ ಪಂಚೆಯಲ್ಲಿ ಸುತ್ತಿ ಮೇಲೆ ಗೋಣಿಚೀಲ ಹೊಲಿಸಿದ್ದೇನೆ. ಡ್ರೈವರು ಕೈಯಲ್ಲಿ ತೂಗಿ ನೋಡಿ, "ಇದೇನ್ ಮೇಷ್ಟ್ರೇ, ದೋಣಿ ಹುಟ್ಟಾ?" ಅಂದ. "ಅಲ್ಲ ಕಣಪ್ಪ, ನನ್ನ ಕತ್ತು" ಅಂದೆ. ಪಾಪ, ನಗಬೇಕೋ ಬೇಡವೋ ಅವನಿಗೆ ಗೊತ್ತಾಗಲಿಲ್ಲ.

ಒಂದು ಎಚ್ಚರಿಕೆ. ಆ ಕತ್ತಿನ ಅಂಚಿನಲ್ಲಿ ಸಾಲಾಗಿ ಬಿಳಿ ಚುಕ್ಕಿಗಳಿವೆಯಲ್ಲ, ಬಾರಿಸುವವನು ಬಗ್ಗಿ ನೋಡಿದರೆ ಬೆರಳು ಎಲ್ಲಿಡಬೇಕೆಂದು ಕಾಣಲಿ ಅಂತ ಹಾಕಿರುವವು, ಅವು ನಿನ್ನ ಗಿಟಾರಿನಲ್ಲಿ ಕೆಳಗಂಚಿಗೆ ಹೋಗುತ್ತವೆ. ನೆಲ ನೋಡುತ್ತವೆ, ನಿನಗೆ ಕಾಣುವುದಿಲ್ಲ. ಮೇಲ್ತುದಿಯ ಮೂಳೆಪಟ್ಟಿಯಲ್ಲಿ ತಂತಿ ಕೂರುವ ಗೀರುಗಳೂ ತಿರುಗುಮುರುಗು, ದಪ್ಪ ತಂತಿಗೆ ಸಣ್ಣ ಗೀರು ಸಿಗುತ್ತದೆ. ಪಟ್ಟಿಯನ್ನೇ ಬದಲಿಸಿಕೋ. ಇಷ್ಟೆಲ್ಲ ತಾಪತ್ರಯ ಯಾಕೆ ಬೇಕಿತ್ತೋ ನನಗಂತೂ ತಿಳಿಯದು.

ಇನ್ನೊಂದು ಮಾತು. ನಾನು ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಶಶಿಕಿರಣ್ ಬಂದ, ತಮಟೆ ಸಣ್ಣಯ್ಯ ಬಂದ, ನನ್ನನ್ನು ಕಂಡರಾಗದ ಹೆಡ್ ಮಾಸ್ಟರೂ ಬಂದು ಬಾಳೆಹಣ್ಣು ಇಟ್ಟುಹೋದರು. ನೀನು ಬರಲಿಲ್ಲ. ತಂಡದವರು ಯಾರೂ ಬರುವುದು ಬೇಡ ಎಂದು ನಾನೇ ಹೇಳಿ ಕಳಿಸಿದ್ದೆ, ಒಪ್ಪಿದೆ. ಬರಬೇಡ ಅಂದರೆ ಬರದೇ ಇರುವುದಾ? ನನ್ನ ಮಾತು ಕೇಳಿದವಳು ನೀನೊಬ್ಬಳೇ. ಹದಿನೈದು ವರ್ಷ ಪಾಠ ಹೇಳಿದಾಗ ಒಂದು ದಿನವೂ ಕೇಳದವಳು ಆವತ್ತು ಕೇಳಿಬಿಟ್ಟೆ.

ಇರಲಿ. ಕತ್ತು ಜೋಪಾನ.

ಪುಟ್ಟರಾಜು


ಬೇಲೂರು
15 ಡಿಸೆಂಬರ್ 2024

ಮಾವನಿಗೆ ಜೈ ಭೀಮ್.

ನಿಮ್ಮ ಕತ್ತು ನನ್ನ ಗಿಟಾರಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಒಂದು ಸ್ಕ್ರೂ ಮಾತ್ರ ಸಡಿಲ ತಿರುಗುತ್ತಿತ್ತು. ನೀವು ಮಾಡುತ್ತಿದ್ದಂತೆ ಬೆಂಕಿಕಡ್ಡಿಯ ಚೂರನ್ನು ಗೋಂದಿನಲ್ಲಿ ಅದ್ದಿ ತೂತಿಗೆ ತುರುಕಿದೆ, ಬಿಗಿಯಾಯಿತು. ಮೂಳೆಪಟ್ಟಿ ಬದಲಾಯಿಸಿದ್ದೇನೆ. ಚುಕ್ಕಿಗಳಿಗೆ ಒಂದು ಉಪಾಯ ಮಾಡಿದ್ದೇನೆ: ಮೇಲಿನ ಅಂಚಿಗೆ ಸ್ಟಿಕ್ಕರ್ ಬಿಂದಿ. ನಾನು ಹಣೆಗೆ ಇಡುವುದಿಲ್ಲ, ಗಿಟಾರಾದರೂ ಇಟ್ಟುಕೊಳ್ಳಲಿ. ಹಳೇಬೀಡಿನ ಪಶು ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಮಂಜುಳಾ ಒಂದು ಹಾಳೆ ಕೊಟ್ಟಳು, ಎಲ್ಲ ಕೆಂಪು.

ಆಸ್ಪತ್ರೆಯ ವಿಷಯ. ಮಾವ, ನಾನು ಬಂದಿದ್ದೆ. ವಾರ್ಡಿನ ಬಾಗಿಲವರೆಗೆ ಬಂದಿದ್ದೆ. ಅತ್ತೆ ಕೈ ಹಿಡಿದು ನಿಲ್ಲಿಸಿದರು. "ಬ್ಯಾಡ ಕಣವ್ವ. ಬ್ಯಾರೆ ಯಾರ್ನ ಕಂಡ್ರೂ ತಡ್ಕತಾರೆ, ನಿನ್ನ ಕಂಡ್ರೆ ತಡ್ಕಳಕಾಗಕಿಲ್ಲ" ಅಂದರು. ನೀವು ತಿಂದ ಕಿತ್ತಳೆ ನಾನು ತಂದದ್ದು. ಅತ್ತೆ ಹೇಳಿರುವುದಿಲ್ಲ, ಹೇಳಬೇಡಿ ಅಂದಿದ್ದೆ.

ನಿಮ್ಮ ಗಿಟಾರು ಕತ್ತಿಲ್ಲದೆ ಮುಂಡದ ಹಾಗೆ ಗೋಡೆಯಲ್ಲಿ ನೇತಾಡುವುದು ಬೇಡ. ನನ್ನ ಬಾಗಿದ ಕತ್ತನ್ನು ಇದರ ಜೊತೆ ಕಳಿಸಿದ್ದೇನೆ. ಸುಮ್ಮನೆ ಹಾಕಿಡಿ, ಜಾಗ ತುಂಬಲಿ.

ಗಾನವಿ


ಅರಸೀಕೆರೆ
22 ಡಿಸೆಂಬರ್ 2024

ಗಾನವಿ,

ಒಂದು ಕಣ್ಣು ಮುಚ್ಚಿ ನಿನ್ನ ಕತ್ತನ್ನು ತುದಿಯಿಂದ ನೋಡಿದೆ. ನಮ್ಮೂರ ಸ್ಟೇಷನ್ನಿನ ಹಳಿಯೂ ಇಷ್ಟು ನೇರವಾಗಿಲ್ಲ. ಬಾಗಿದೆ ಅಂದದ್ದು ಹಸಿ ಸುಳ್ಳು.

ನಿನ್ನೆ ಜಾವಗಲ್‌ನಿಂದ ಬ್ಯಾಂಡಿನವರು ನನ್ನ ಗಿಟಾರು ಕೊಳ್ಳಲು ಬಂದರು. ಬಲಗೈ ಗಿಟಾರಿಗೆ ಎಡಗೈ ಕತ್ತು ಕೂತಿರುವುದನ್ನು ನೋಡಿ, "ಇದೇನ್ ಸಾ, ಹಿಂದ್ಮುಂದಾಗೈತೆ" ಅಂತ ನಕ್ಕು, ಕಾಫಿ ಕುಡಿದು ಹೋದರು. ಅವರು ಬರುವುದು ನಿನಗೆ ಮೊದಲೇ ಗೊತ್ತಿತ್ತು. ಯಾರು ಹೇಳಿದರೆಂದು ಕೇಳುವುದಿಲ್ಲ. ನಿನ್ನ ಅತ್ತೆ ಆವಾಗಿನಿಂದ ನನ್ನ ಮುಖ ನೋಡದೆ ಪಾತ್ರೆ ಉಜ್ಜುತ್ತಿದ್ದಾಳೆ.

ಬಾರಿಸಲಾಗದವನ ಮನೆಯಲ್ಲಿ ಗಿಟಾರು ಕಣ್ಣೆದುರು ಇರುವುದು ಹೇಗಿರುತ್ತದೆಂದು ನಿನಗೆ ಗೊತ್ತಿಲ್ಲ. ಮಾರಿ ಮರೆಯೋಣ ಅಂತ ಇದ್ದೆ. ಅದಕ್ಕೂ ಕಲ್ಲು ಹಾಕಿದೆ. ನನ್ನ ಕತ್ತು ವಾಪಸ್ ಕಳಿಸು.

ಪುಟ್ಟರಾಜು


ಬೇಲೂರು
5 ಜನವರಿ 2025

ಮಾವನಿಗೆ ಜೈ ಭೀಮ್.

ಕಳಿಸುವುದಿಲ್ಲ.

ಸುಳ್ಳು ಹೇಳಿದ್ದು ಹೌದು. ನಿಮ್ಮ ಗಿಟಾರು ಮಾರಾಟವಾಗಬಾರದಿತ್ತು. ಅದನ್ನು ತಡೆಯುವುದಕ್ಕೆ ಬೇರೆ ದಾರಿ ಹೊಳೆಯಲಿಲ್ಲ. ಮಾರಬೇಡಿ ಅಂತ ಹೇಳಿದ್ದರೆ ಆವತ್ತೇ ಮಾರುತ್ತಿದ್ದಿರಿ.

ಈಗ ಸಿಟ್ಟು ಸ್ವಲ್ಪ ಬದಿಗಿಟ್ಟು ಓದಿ. ನಿಮಗೆ ಹೋಗಿರುವುದು ಎಡಗೈಯ ಉಂಗುರದ ಬೆರಳು, ಕಿರುಬೆರಳು. ಕತ್ತಿನ ಮೇಲೆ ಒತ್ತುವುದಕ್ಕೆ ನಾಲ್ಕೂ ಬೆರಳು ಬೇಕು, ಮೀಟುವುದಕ್ಕೆ ಎರಡೇ ಸಾಕು. ಆ ಎರಡೂ ಇವೆ. ಬಲಗೈಯಲ್ಲಿ ಎಲ್ಲ ನೆಟ್ಟಗಿವೆ. ಗಿಟಾರನ್ನು ತಿರುಗಿಸಿ ನನ್ನ ಹಾಗೆ ಹಿಡಿಯಿರಿ, ಮಾವ. ಬಲಗೈಯಲ್ಲಿ ಒತ್ತಿ, ಎಡಗೈಯಲ್ಲಿ ಮೀಟಿ. ನನ್ನ ಕತ್ತು ಕಳಿಸಿದ್ದು ಅದಕ್ಕೇ. ಹಾಗೆ ಹಿಡಿದಾಗ ಅದರ ಚುಕ್ಕಿಗಳು ನಿಮ್ಮ ಕಡೆಗೆ ಇರುತ್ತವೆ. ಹೊಸದಾಗಿ ಕಲಿಯುವವರಿಗೆ ಚುಕ್ಕಿ ಬೇಕು. ನನಗೆ ಬಿಂದಿ ಸಾಕು.

ನಾನು ಎಡಗೈಯಲ್ಲಿ ಮುದ್ದೆ ಮುರಿದಾಗಲೆಲ್ಲ ಮುದ್ದಮ್ಮಜ್ಜಿ ಸೌಟಿನಲ್ಲಿ ಕೊಡುತ್ತಿದ್ದದ್ದು ನೆನಪಿದೆಯೇ? "ಎಡಚಿ, ಎಡಚಿ" ಅಂತ ಕೇರಿಗೆಲ್ಲ ಕೇಳಿಸುವಂತೆ ಕೂಗುತ್ತಿದ್ದರು. "ಬಿಡವ್ವ, ಕೈ ಯಾವುದಾದ್ರೇನು" ಎಂದು ಸೌಟು ಕಿತ್ತುಕೊಂಡವರು ನೀವು. ಬಲಗೈಯಲ್ಲೇ ಕಲಿ ಅನ್ನದೆ, ಬೆಂಗಳೂರೆಲ್ಲ ಹುಡುಕಿ ಎಡಗೈ ಗಿಟಾರು ತಂದಿರಿ. ರೈಲಿನಲ್ಲಿ ಅದನ್ನು ಕೆಳಗಿಡಲು ಮನಸ್ಸಾಗದೆ ನಿಂತೇ ಬಂದಿರಂತೆ. ನನ್ನ ಎಡಗೈ ಕೆಟ್ಟದ್ದಲ್ಲ ಅಂದವರಿಗೆ ತಮ್ಮ ಎಡಗೈ ಮೇಲೆ ಯಾಕಿಷ್ಟು ಕೋಪ?

ನೀವು ಮತ್ತೆ ಬಾರಿಸಬೇಕು. ನನಗೆ ಬೇಕಾಗಿರುವುದು ಅದೊಂದೇ.

ಗಾನವಿ


ಬೇಲೂರು
9 ಫೆಬ್ರವರಿ 2025

ಮಾವನಿಗೆ ಜೈ ಭೀಮ್.

ಉತ್ತರ ಬರಲಿಲ್ಲ. ಪರವಾಗಿಲ್ಲ, ನಾನು ಬರೆಯುತ್ತೇನೆ.

ಅರೇಹಳ್ಳಿಯಲ್ಲಿ ಒಂದು ಮದುವೆಗೆ ಬಾರಿಸಲು ಹೋಗಿದ್ದೆ. ಚಪ್ಪರದೊಳಗೆ ಸೆಖೆ, ಕೈಯೆಲ್ಲ ಬೆವರು. ಎರಡನೇ ಹಾಡಿಗೇ ಬಿಂದಿಗಳು ಜಾರಲು ಶುರುವಾದವು. ಕತ್ತಿನ ಐದನೇ ಮನೆಯ ಬಿಂದಿ ಏಳಕ್ಕೆ ಹೋಗಿ ಕೂತಿತ್ತು, ನಾನು ಅದನ್ನೇ ನಂಬಿ ಒತ್ತಿದೆ. ಹಾಡುತ್ತಿದ್ದವಳು ತಿರುಗಿ ನೋಡಿದ ನೋಟ ಇನ್ನೂ ಕಣ್ಣಮುಂದಿದೆ. ಇನ್ನೊಂದು ಬಿಂದಿ ಬೆರಳಿಗೇ ಅಂಟಿಕೊಂಡು, ಊಟದ ಎಲೆಯವರೆಗೂ ಬಂತು. ಈಗ ಎಲ್ಲ ಕಿತ್ತುಹಾಕಿದ್ದೇನೆ. ಕತ್ತು ನೋಡದೆಯೇ ಬಾರಿಸುತ್ತಿದ್ದೇನೆ. ನಿಮ್ಮ ಚುಕ್ಕಿಗಳು ಕೆಳಗಿವೆ ಅನ್ನುವುದೇ ಒಂದು ಧೈರ್ಯ.

ಸಂಜೆ ಹೊತ್ತು ನಿಮ್ಮ ಕೊಬ್ಬರಿ ಕೋಣೆಯಿಂದ ಧಡ್ ಧಡ್ ಸದ್ದು ಬರುತ್ತಿದೆ ಎಂದು ಅತ್ತೆ ಹೇಳಿದರು. "ಹೆಗ್ಗಣ ಇರ್ಬೇಕು" ಅಂದರು, ನಗುತ್ತಿದ್ದರು.

ಗಾನವಿ


ಅರಸೀಕೆರೆ
2 ಮಾರ್ಚ್ 2025

ಗಾನವಿಗೆ ಜೈ ಭೀಮ್.

ಹೆಗ್ಗಣ ಬರೆಯುತ್ತಿದ್ದೇನೆ.

ಎಂಥ ಕೆಲಸಕ್ಕೆ ಹಚ್ಚಿದೆ ಮಾರಾಯ್ತಿ. ಗಿಟಾರು ತಿರುಗಿಸಿದರೆ ಕೆಳಗಿದ್ದ ಗುಂಡಿಗಳೆಲ್ಲ ಮೇಲೆ ಬರುತ್ತವೆ. ಮೀಟುವಾಗ ಮೊಣಕೈ ತಾಗಿ ಸದ್ದೇ ಹೋಗಿಬಿಡುತ್ತದೆ. ನಾನು ಕರೆಂಟ್ ಹೋಯಿತು ಅಂತ ಎದ್ದು ಫ್ಯಾನ್ ನೋಡುತ್ತೇನೆ, ಅದು ಗಿರಗಿರ ತಿರುಗುತ್ತಿರುತ್ತದೆ. ಹೆಗಲ ಪಟ್ಟಿ ಸಿಕ್ಕಿಸುವ ಗುಬುಟನ್ನೂ ಗಿಟಾರಿನ ಆ ಕೊಂಬಿನಿಂದ ಈ ಕೊಂಬಿಗೆ ಕೂರಿಸಿದೆ.

ಅದೆಲ್ಲ ಹಾಗಿರಲಿ. ಬಲಗೈ ನನ್ನ ಮಾತು ಕೇಳುವುದಿಲ್ಲ. ತಲೆಗೆ ಎಲ್ಲ ಗೊತ್ತು, ಬೆರಳಿಗೆ ಒಂದೂ ಗೊತ್ತಿಲ್ಲ. ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ವಿಜ್ಞಾನ ಪಾಠ ಮಾಡಿದವನು ಈಗ ಒಂದನೇ ಕ್ಲಾಸಿನ ಮಗುವಿನ ಹಾಗೆ ಚುಕ್ಕಿ ನೋಡಿಕೊಂಡು ಬೆರಳು ಇಡುತ್ತಿದ್ದೇನೆ. ಮೊದಲ ಚುಕ್ಕಿ, ಎರಡನೇ ಚುಕ್ಕಿ. ನಿನ್ನ ಚುಕ್ಕಿ ಇಲ್ಲದಿದ್ದರೆ ಎರಡನೇ ದಿನಕ್ಕೇ ಗಿಟಾರನ್ನು ಒಲೆಗೆ ಹಾಕುತ್ತಿದ್ದೆ. ಹೋದ ಎರಡು ಬೆರಳು ಇನ್ನೂ ಇವೆ ಎಂದು ಕೈಗೆ ಆಗಾಗ ಅನ್ನಿಸುತ್ತದೆ, ಒತ್ತಲು ಹೊರಡುತ್ತವೆ. ಆಗ ಗಿಟಾರು ಕೆಳಗಿಟ್ಟುಬಿಡುತ್ತೇನೆ. ಇದನ್ನು ಮೀನಾಕ್ಷಿಗೂ ಹೇಳಿಲ್ಲ.

ಹೇಳಿಕೊಡುತ್ತೇನೆ ಅಂತ ಹೊರಟುಬಿಡಬೇಡ. ಈ ಅವಸ್ಥೆಯಲ್ಲಿ ನನ್ನನ್ನು ನೀನು ನೋಡುವುದು ನನಗಿಷ್ಟವಿಲ್ಲ. ಬರಬೇಡ.

ಪುಟ್ಟರಾಜು


ಬೇಲೂರು
6 ಮಾರ್ಚ್ 2025

ಮಾವನಿಗೆ ಜೈ ಭೀಮ್.

ಬರಬೇಡ ಅಂದರೆ ಬರದೇ ಇರುವುದಾ? ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಅತ್ತೆಗೆ ಉಪ್ಸಾರು ಮಾಡಲು ಹೇಳಿದ್ದೇನೆ.

ಗಾನವಿ


ಬೇಲೂರು
15 ಏಪ್ರಿಲ್ 2025

ಮಾವನಿಗೆ,

ಆ ಭಾನುವಾರದ್ದೇ ನೋವು ಸಾಲದಾಗಿತ್ತೇ?

ಅವತ್ತು ಕೊಬ್ಬರಿ ಕೋಣೆಯಲ್ಲಿ ಎಂದಿನಂತೆ ಎದುರುಬದುರು ಕೂತೆವು. ಹದಿನೈದು ವರ್ಷ ಹಾಗೇ ಕೂತು ಕಲಿತದ್ದು. ನಿಮ್ಮ ಬಲಗೈ, ನನ್ನ ಎಡಗೈ, ಕನ್ನಡಿ ನೋಡಿದ ಹಾಗೆ ನಿಮ್ಮನ್ನು ನೋಡಿಕೊಂಡೇ ಕಲಿತೆ. ಈ ಸಲ ಏನು ಮಾಡಿದರೂ ಆಗಲಿಲ್ಲ. ನಾನು ಮೇಲಿನ ಸ್ವರಕ್ಕೆ ಹೋದರೆ ನಿಮ್ಮ ಕೈ ಕೆಳಗಿನದಕ್ಕೆ ಜಾರುತ್ತಿತ್ತು. ನಾನು ಕೆಳಗೆ ಬಂದರೆ ನೀವು ಮೇಲೆ. "ಪೆಟ್ಟು ಬಿದ್ದಿರೋದು ತಲೆಗೇ ಕಣೇ, ಬೆರಳಿಗಲ್ಲ. ನೀ ಹೊಂಡು" ಅಂದಿರಿ. ಉಪ್ಸಾರು ಉಂಡು ಹೊರಟುಬಂದೆ. ನಿಮ್ಮ ಸಂಕಟ ಅದು, ನನ್ನ ಮೇಲಿನ ಕೋಪವಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ.

ನಿನ್ನೆ ನಿಮ್ಮೂರ ಜಯಂತಿಯಲ್ಲಿ ನೀವು ವೇದಿಕೆಯ ಕೆಳಗೆ, ಜಮಖಾನದ ಮೇಲೆ ಮುಂದಿನ ಸಾಲಿನಲ್ಲೇ ಕೂತದ್ದು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. ನಿಮಗೆ ಕಾಣಲಿ ಅಂತಲೇ ಅಂಚಿಗೆ ಬಂದು ನಿಂತೆ. ಮೂರನೇ ಹಾಡು ನಿಮ್ಮದು, ಅದರ ಬೇಸ್ ನಡೆ ನೀವೇ ಕಟ್ಟಿದ್ದು. ಅದನ್ನು ಬಾರಿಸುತ್ತಿದ್ದಾಗ ನೀವು ಬೆನ್ನು ತಿರುಗಿಸಿ ಕೂತಿರಿ. ಅಷ್ಟೂ ಜನರ ನಡುವೆ, ನನಗೆ ಬೆನ್ನು ಹಾಕಿ. ಹಾಡು ಮುಗಿಯುವವರೆಗೂ ತಿರುಗಲಿಲ್ಲ. ಹೇಗೆ ಬಾರಿಸಿ ಮುಗಿಸಿದೆನೋ ಗೊತ್ತಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹುಡುಕಿದರೆ ನೀವು ಇರಲೇ ಇಲ್ಲ.

ನಿಮ್ಮ ಜಾಗದಲ್ಲಿ ನಾನು ನಿಂತದ್ದು ನಿಮಗೆ ಇಷ್ಟು ಕಷ್ಟವಾಗುತ್ತದೆಂದು ತಿಳಿದಿರಲಿಲ್ಲ. ನಿಮ್ಮ ಕತ್ತು ಬಿಚ್ಚಿ ಇದರ ಜೊತೆ ಕಳಿಸಿದ್ದೇನೆ. ಇನ್ನು ನಿಮ್ಮಿಷ್ಟದಂತೆ ಮಾರಿಕೊಳ್ಳಿ. ನಾನು ಅಡ್ಡ ಬರುವುದಿಲ್ಲ.

ಗಾನವಿ


ಅರಸೀಕೆರೆ
20 ಏಪ್ರಿಲ್ 2025

ಮಗಳೇ ಗಾನವಿ, ಜೈ ಭೀಮ್.

ಸುತ್ತಿದ್ದ ಪಂಚೆ ಬಿಚ್ಚಿದರೆ ಒಳಗೆ ನನ್ನದೇ ಕತ್ತು. ಕಾಗದವನ್ನು ಮತ್ತೆ ಮತ್ತೆ ಓದಿದೆ. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಸರಿಯಾಗೇ ಮಾಡಿದೆ, ನನಗೂ ಅದರ ರುಚಿ ತಿಳಿಯಲಿ.

ನಾನು ಬೆನ್ನು ತಿರುಗಿಸಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಪೂರ್ತಿ ಕೇಳು.

ನೀನು ಅಂಚಿಗೆ ಬಂದು ನಿಂತೆಯಲ್ಲ, ತಲೆ ಎತ್ತಿದರೆ ನನ್ನ ಕತ್ತಿನ ಚುಕ್ಕಿಗಳು ನೇರ ನನ್ನನ್ನೇ ನೋಡುತ್ತಿದ್ದವು. ಅಷ್ಟು ವರ್ಷ ಅವನ್ನು ಮೇಲಿನಿಂದ ನೋಡಿದವನು ನಾನೊಬ್ಬನೇ. ಕೆಳಗೆ ಕೂತು ನೋಡಿದ್ದು ಇದೇ ಮೊದಲು. ನೀನು ಅವನ್ನು ನೋಡುತ್ತಲೂ ಇರಲಿಲ್ಲ, ನೋಡಲು ಆಗುವಂತೆಯೂ ಇರಲಿಲ್ಲ. ಆದರೂ ನಿನ್ನ ಬೆರಳು ಒಂದೊಂದು ಚುಕ್ಕಿಯ ಪಕ್ಕಕ್ಕೂ, ನನ್ನದು ಹೋಗುತ್ತಿದ್ದಲ್ಲಿಗೇ ಹೋಗುತ್ತಿತ್ತು. ನನಗೆ ದುಃಖ ತಡೆಯಲಾಗಲಿಲ್ಲ. ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ಯಾವುದು ಎಷ್ಟೆಂದು ಕೇಳಬೇಡ.

ಮೂರನೇ ಹಾಡು ಶುರುವಾದಾಗ ನನಗೇ ಗೊತ್ತಿಲ್ಲದೆ ಎಡಗೈಯನ್ನು ಕತ್ತಿನ ಹಾಗೆ ಚಾಚಿ, ಅದರ ಮೇಲೆ ಬಲಗೈ ಬೆರಳು ಆಡಿಸತೊಡಗಿದೆ. ಮತ್ತೆ ಅದೇ ಎಡವಟ್ಟು. ನೀನು ಅತ್ತ ಹೋದರೆ ನನ್ನ ಕೈ ಇತ್ತ. ಅದೇನು ತಲೆಗೆ ಬಂತೋ, ಗಿರಕ್ಕನೆ ತಿರುಗಿ ನಿನಗೆ ಬೆನ್ನು ಹಾಕಿ ಕೂತೆ. ಕಣ್ಣು ಮುಚ್ಚಿ ನಿನ್ನ ಕೈಯನ್ನು ನೆನೆದುಕೊಂಡೆ. ಈಗ ನೀನು ಯಾವ ಕಡೆಗೋ ನಾನೂ ಅದೇ ಕಡೆಗೆ. ಹಾಡು ಮುಗಿಯುವವರೆಗೂ ಒಂದು ಬೆರಳೂ ತಪ್ಪಲಿಲ್ಲ ಕಣೇ. ಒಂದೂ ತಪ್ಪಲಿಲ್ಲ.

ಪಕ್ಕದಲ್ಲಿದ್ದ ತಮ್ಮಯ್ಯ, "ಯಾಕ್ ಮೇಷ್ಟ್ರೇ, ಹಾಡು ಹಿಡಿಸ್ನಿಲ್ವಾ? ಹಿಂದಕ್ ತಿರುಕ್ಕಂಡ್ರಲ್ಲ" ಅಂದ. "ಸುಮ್ಕಿರ್ಲಾ, ಬಾರಿಸ್ತಾ ಇವ್ನಿ" ಅಂದೆ. ಅವನು ದೂರ ಸರಿದು ಕೂತ. ಹಾಡು ಮುಗಿದದ್ದೇ ಮನೆಗೆ ಓಡಿದೆ. ಮರೆತುಹೋಗುವ ಮೊದಲು ತಂತಿಯ ಮೇಲೆ ನೋಡಬೇಕಿತ್ತು. ನಿನಗೆ ಒಂದು ಮಾತು ಹೇಳಿ ಹೋಗಬೇಕಿತ್ತು, ಹೊಳೆಯಲಿಲ್ಲ. ನೀನು ಅಲ್ಲಿ ಹುಡುಕುತ್ತಿದ್ದಾಗ ನಾನು ಇಲ್ಲಿ ಕೊಬ್ಬರಿ ಕೋಣೆಯಲ್ಲಿ ಆ ನಡೆಯನ್ನು ಮೊದಲಿನಿಂದ ಕೊನೆಯವರೆಗೆ ಬಾರಿಸುತ್ತಿದ್ದೆ. ಮೀನಾಕ್ಷಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

ನಮ್ಮಿಬ್ಬರ ದಡ್ಡತನ ನೋಡು. ಕತ್ತು ಬದಲಾಯಿಸಿದೆವು, ಕೈ ಬದಲಾಯಿಸಿದೆವು, ಕೂರುವುದನ್ನು ಮಾತ್ರ ಬದಲಾಯಿಸಲಿಲ್ಲ. ನಾನು ಬಲಗೈಯವನಾಗಿದ್ದಾಗ ನೀನು ನನ್ನ ಎದುರಿಗೆ ಕೂರಬೇಕಿತ್ತು. ಈಗ ಇಬ್ಬರದೂ ಒಂದೇ ಕೈ, ಎದುರಿಗೆ ಕೂತರೆ ಎಲ್ಲ ಉಲ್ಟಾ. ವಿಜ್ಞಾನದ ಮೇಷ್ಟ್ರಿಗೆ ಕನ್ನಡಿಯ ಪಾಠ ನೆನಪಾಗಲು ಜಮಖಾನದ ಮೇಲೆ ಕೂರಬೇಕಾಯಿತು.

ಕತ್ತನ್ನು ಇದೇ ಬಸ್ಸಿಗೆ ವಾಪಸ್ ಕಳಿಸಿದ್ದೇನೆ. ಅದೇ ಡ್ರೈವರು. "ಯಾಕ್ ಮೇಷ್ಟ್ರೇ, ನಿಮ್ಮ ಕತ್ತು ಒಂದ್ಕಡೆ ನಿಲ್ಲಕಿಲ್ವಾ?" ಅಂದ. ಇನ್ನು ನಿಲ್ಲುತ್ತದೆ ಅಂದಿದ್ದೇನೆ. ಅದು ನಿನ್ನದು, ನಿನ್ನದು ನನ್ನದು. ಬೆಂಕಿಕಡ್ಡಿ ತುರುಕಿದ ತೂತು ಸಡಿಲವಾಗಿದ್ದರೆ ಮತ್ತೆ ಗೋಂದು ಹಾಕು.

ಮೇ ತಿಂಗಳಲ್ಲಿ ಬುದ್ಧ ಪೂರ್ಣಿಮೆಗೆ ಹಳೇಬೀಡಿನಲ್ಲಿ ತಂಡದ ಹಾಡು ಇದೆಯಂತಲ್ಲ. ಆ ಒಂದು ಹಾಡಿಗೆ ನಾನು ನಿಲ್ಲುತ್ತೇನೆಂದು ಶಶಿಕಿರಣ್‌ಗೆ ಹೇಳಿದ್ದೇನೆ. ಮಿಕ್ಕಿದ್ದೆಲ್ಲ ನೀನು.

ಭಾನುವಾರ ಬಾ. ಕೊಬ್ಬರಿ ಕೋಣೆಯಲ್ಲಿ ಎರಡು ಕುರ್ಚಿ ಹಾಕಿಟ್ಟಿದ್ದೇನೆ, ಅಕ್ಕಪಕ್ಕ. ಎರಡೂ ಬಾಗಿಲ ಕಡೆಗೆ ಮುಖ ಮಾಡಿವೆ.

ಇಂತಿ ನಿನ್ನ ಮಾವ,
ಎಡಚ ಪುಟ್ಟರಾಜು